ಗದಗದಲ್ಲಿ ಉಪ್ಪುನೀರಿನ ಅಕ್ವೇರಿಯಂಗೆ ರೆಫ್ಯೂಜಿಯಂ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಗದಗದಲ್ಲಿ ಮನೆ, ಮೂರು ಅಡಿಯ ಉಪ್ಪುನೀರಿನ ಟ್ಯಾಂಕ್, ಎರಡು ಕ್ಲೌನ್ ಮೀನು. ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂನಿಂದ ಕೆಳಗೆ ಇಳಿಯುತ್ತಿಲ್ಲ, ಗಾಜಿಗೆಲ್ಲ ಪಾಚಿ ಹತ್ತುತ್ತಿದೆ. ರೆಫ್ಯೂಜಿಯಂ, ಅಂದರೆ ಸಮುದ್ರದ ಪಾಚಿ ಬೆಳೆಸುವ ಬೇರೆ ಗೂಡು, ಮಾಡಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ.

ಹೋಗುತ್ತದೆ. ಹುಬ್ಬಳ್ಳಿಯ ನಮ್ಮ ಮನೆಯಲ್ಲೂ ಇಷ್ಟೇ ದೊಡ್ಡ ಟ್ಯಾಂಕ್ ಇದೆ. ಅದರ ಕೆಳಗೆ ನಾಲ್ಕು ವರ್ಷದಿಂದ ರೆಫ್ಯೂಜಿಯಂ ನಡೆಯುತ್ತಿದೆ.

ಅದು ಮಾಡುವ ಕೆಲಸ ಅರ್ಥವಾಗಬೇಕಾದರೆ ನಮ್ಮ ಉಣಕಲ್ ಕೆರೆ ನೆನಪಿಸಿಕೊಳ್ಳಿ. ಚರಂಡಿ ನೀರು ಸೇರಿದಾಗ ಅಂತರಗಂಗೆ ಹೇಗೆ ಹಬ್ಬುತ್ತದೆ, ನೋಡಿದ್ದೀರಲ್ಲ? ನೀರಿನಲ್ಲಿರುವ ಗೊಬ್ಬರವನ್ನೆಲ್ಲ ಆ ಕಳೆ ತಿಂದು ಬೆಳೆಯುತ್ತದೆ. ಕಿತ್ತು ದಡಕ್ಕೆ ಹಾಕಿದರೆ ಗೊಬ್ಬರವೂ ಹೊರಗೆ ಬಂತು. ಅಲ್ಲೇ ಕೊಳೆಯಲು ಬಿಟ್ಟರೆ ಮತ್ತೆ ನೀರಿಗೇ ಸೇರಿತು. ರೆಫ್ಯೂಜಿಯಂನಲ್ಲೂ ಇದೇ ಲೆಕ್ಕ. ಬೇರೆ ಗೂಡಿನಲ್ಲಿ ಸಮುದ್ರದ ಪಾಚಿ ಬೆಳೆಸುತ್ತೀರಿ. ಮೀನಿನ ಹೇಲು, ಉಳಿದ ಆಹಾರದಿಂದ ಬಂದ ನೈಟ್ರೇಟ್, ಫಾಸ್ಫೇಟ್ ಅದು ಹೀರಿಕೊಳ್ಳುತ್ತದೆ. ನೀವು ಅದನ್ನು ಕತ್ತರಿಸಿ ಎಸೆದಾಗ ಮಾತ್ರ ಅವು ಟ್ಯಾಂಕಿನಿಂದ ನಿಜವಾಗಿ ಹೋಗುತ್ತವೆ.

ಈಗ ಅಳತೆ. ನಿಮ್ಮ ಟ್ಯಾಂಕ್ 36 ಇಂಚು ಉದ್ದ, 15 ಅಗಲ, 18 ಎತ್ತರ ಅಂದುಕೊಳ್ಳೋಣ, ಸುಮಾರು 160 ಲೀಟರ್. ಕೆಳಗಿನ ಸಂಪ್, ಅಂದರೆ ಟ್ಯಾಂಕಿನ ನೀರು ಇಳಿದು ಪಂಪಿನಿಂದ ಮತ್ತೆ ಮೇಲೇರುವ ಎರಡನೇ ತೊಟ್ಟಿ, 24 ಇಂಚು ಉದ್ದ, 12 ಅಗಲ, 14 ಎತ್ತರ ಸಾಕು. ಅದರಲ್ಲಿ ಮೂರು ಗೂಡು ಮಾಡಿಸಿ. ನೀರು ಇಳಿಯುವ ಮೊದಲ ಗೂಡಿನಲ್ಲಿ ಫಿಲ್ಟರ್ ಬಟ್ಟೆ, ನಡುವಿನದು ರೆಫ್ಯೂಜಿಯಂ, ಕೊನೆಯಲ್ಲಿ ಮೇಲೆ ನೀರೆತ್ತುವ ಪಂಪ್. ನಡುವಿನ ಗೂಡು 10 ಇಂಚು ಉದ್ದವಿದ್ದು 8 ಇಂಚು ನೀರು ನಿಂತರೆ 15 ಲೀಟರ್ ಆಗುತ್ತದೆ. ಅದರಾಚೆ ಪಂಪಿನ ಕಡೆಗೆ ಪ್ಲಾಸ್ಟಿಕ್ ಜಾಲರಿ ಇರಲೇಬೇಕು, ಪಾಚಿಯ ಎಳೆ ಪಂಪಿಗೆ ಸಿಕ್ಕರೆ ಅದು ಕಟ್ಟಿಕೊಳ್ಳುತ್ತದೆ.

ಸಂಪಿನಲ್ಲಿ ನೀರು 8 ಇಂಚಿಗಿಂತ ಜಾಸ್ತಿ ಬೇಡ ಅಂತ ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಕರೆಂಟ್ ಹೋದ ತಕ್ಷಣ ಪಂಪ್ ನಿಲ್ಲುತ್ತದೆ, ಮೇಲಿನ ನೀರು ಕೆಳಗೆ ಇಳಿಯಲು ಶುರುವಾಗುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಒಂದು ಇಂಚು ಇಳಿದರೆ ಸುಮಾರು 9 ಲೀಟರ್. ಸಂಪಿನಲ್ಲಿ ಮೇಲೆ ಉಳಿದ 6 ಇಂಚಿನಲ್ಲಿ ಹಿಡಿಯುವುದು 28 ಲೀಟರ್, ಅಷ್ಟೇ. ನಮ್ಮ ಮನೆಯಲ್ಲಿ ಪಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ವಾಪಸ್ ಬರುವ ಪೈಪಿನ ಬಾಯಿ ಅಲ್ಲಿನ ನೀರಿನೊಳಗೆ 4 ಇಂಚು ಮುಳುಗಿತ್ತು. ಸೈಫನ್ (ಪಂಪ್ ನಿಂತರೂ ಪೈಪು ತಾನಾಗಿ ನೀರನ್ನು ಕೆಳಗೆ ಎಳೆಯುವುದು) ಮುರಿಯಲಿ ಅಂತ ಪೈಪಿಗೆ ಹಾಕಿದ್ದ ಸಣ್ಣ ತೂತು ಪಾಚಿ ಕಟ್ಟಿ ಮುಚ್ಚಿಹೋಗಿತ್ತು. ಮೇ ತಿಂಗಳ ಅಡ್ಡಮಳೆ, ರಾತ್ರಿ ಕರೆಂಟ್ ಹೋಯಿತು. ಬೆಳಿಗ್ಗೆ ಎದ್ದರೆ ಪಡಸಾಲೆ ತುಂಬ ಉಪ್ಪುನೀರು. ಟೀಕ್ ಕಪಾಟಿನ ಕಾಲು ಉಬ್ಬಿತ್ತು. ಅದು ಅಮ್ಮನ ಕಪಾಟು, ಇವತ್ತಿಗೂ ಅದರ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ.

ಹಾಗಾಗಿ ಪೈಪಿನ ಬಾಯಿ ನೀರಿನ ಮಟ್ಟದಿಂದ ಒಂದು ಇಂಚಿಗಿಂತ ಕೆಳಗೆ ಹೋಗದಂತೆ ಕೂರಿಸಿ. ತೂತನ್ನು ವಾರಕ್ಕೊಮ್ಮೆ ಹಲ್ಲುಕಡ್ಡಿಯಿಂದ ಚುಚ್ಚಿ ನೋಡಿ. ಸಂಪ್ ಜೋಡಿಸಿದ ದಿನವೇ ಪಂಪಿನ ಸ್ವಿಚ್ ಆಫ್ ಮಾಡಿ, ಸಂಪಿನ ಮುಂದೆ ಅರ್ಧ ಗಂಟೆ ಕೂತು ನೀರು ಎಲ್ಲಿಗೆ ನಿಲ್ಲುತ್ತದೆ ನೋಡಿ ಗೆರೆ ಎಳೆದುಕೊಳ್ಳಿ. ಪಂಪನ್ನು ಇನ್ವರ್ಟರ್‌ಗೆ ಕೊಡಿ. ಬ್ಯಾಟರಿಯ ಗಾಳಿ ಪಂಪೂ ಒಂದಿರಲಿ. ಕತ್ತಲೆಯಲ್ಲಿ ಪಾಚಿಯೂ ಆಮ್ಲಜನಕ ಬಳಸುತ್ತದೆ, ಮರೆಯಬೇಡಿ.

ಪಾಚಿಯಲ್ಲಿ ನನ್ನ ಆಯ್ಕೆ ಚೇಟೋಮಾರ್ಫಾ, ಚೇಟೋ ಅಂತಾರೆ. ಹಸಿರು ಶಾವಿಗೆ ಉಂಡೆ ಮಾಡಿಟ್ಟ ಹಾಗೆ ಕಾಣುತ್ತದೆ, ಮುಟ್ಟಿದರೆ ಗರಿಗರಿ. ಕಾಲರ್ಪಾ ನೋಡಲು ಇನ್ನೂ ಚಂದ, ದ್ರಾಕ್ಷಿ ಗೊಂಚಲಿನಂಥ ಜಾತಿಯೂ ಇದೆ. ಆದರೆ ಅದು ಕೆಲವೊಮ್ಮೆ ಇದ್ದಕ್ಕಿದ್ದಂತೆ ಬಿಳುಚಿ, ಒಳಗಿದ್ದದ್ದನ್ನೆಲ್ಲ ನೀರಿಗೆ ಬಿಟ್ಟುಬಿಡುತ್ತದೆ. ಸಣ್ಣ ಟ್ಯಾಂಕ್ ಅದನ್ನು ತಾಳುವುದಿಲ್ಲ. ಶುರುವಿಗೆ ಅದು ಬೇಡ.

ಲೈಟ್‌ಗೆ ಗಿಡಗಳಿಗೆ ಬಳಸುವ ಕೆಂಪು-ನೀಲಿ ಎಲ್‌ಇಡಿ ನಡೆಯುತ್ತದೆ. ಟೈಮರ್ ಹಾಕಿ ರಾತ್ರಿ ಉರಿಸಿ. ಮೇಲಿನ ಲೈಟ್ ಆರಿದ ಮೇಲೆ ಟ್ಯಾಂಕಿನಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಪಿಎಚ್ ಇಳಿಯುತ್ತದೆ. ಆಗ ಕೆಳಗಿನ ಪಾಚಿ ಅದನ್ನು ಎಳೆದುಕೊಂಡರೆ ಏರಿಳಿತ ಕಡಿಮೆಯಾಗುತ್ತದೆ.

ನೀರಿನ ವಿಷಯ. ಬೋರ್ ನೀರು ನೇರವಾಗಿ ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ. ಹೊಲದ ಗೊಬ್ಬರದ ನೈಟ್ರೇಟ್ ಅದರಲ್ಲೇ ಬರಬಹುದು, ಟೆಸ್ಟ್ ಮಾಡಿ ನೋಡಿ. ಆರ್‌ಒ ನೀರನ್ನು ಡಿಐ ರೆಸಿನ್ (ಉಳಿದ ಲವಣ ಹಿಡಿದಿಡುವ ಹರಳು) ಮೂಲಕ ಹಾಯಿಸಿ, ಟಿಡಿಎಸ್ (ಕರಗಿದ ಲವಣದ ಅಳತೆ) ಸೊನ್ನೆ ಬರಲಿ. ಬೇಸಿಗೆಯಲ್ಲಿ ಸಂಪಿನ ಮೇಲೆ ಸಣ್ಣ ಫ್ಯಾನ್ ಇಟ್ಟರೆ ನಮ್ಮ ಒಣ ಹವೆಗೆ ನೀರು ಚೆನ್ನಾಗಿ ತಂಪಾಗುತ್ತದೆ. ಆದರೆ ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ದಿನಾ ಇದೇ ಶುದ್ಧ ಸಿಹಿನೀರು ತುಂಬಿ, ಉಪ್ಪಿನ ಅಳತೆಯನ್ನು (ಸ್ಪೆಸಿಫಿಕ್ ಗ್ರಾವಿಟಿ) 1.025ರ ಹತ್ತಿರ ಕಾಪಾಡಿಕೊಳ್ಳಿ.

ಅಂಕೋಲಾ, ಕಾರವಾರದ ಕಡೆ ಹೋದಾಗ ಸಮುದ್ರದಿಂದ ಹವಳದ ಕಲ್ಲು ತರುವ ಆಸೆ ಆಗುತ್ತದೆ. ದಯವಿಟ್ಟು ಬೇಡ. ಗಟ್ಟಿ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅಂಗಡಿಯವರು ಕೊಟ್ಟರೂ ತೆಗೆದುಕೊಳ್ಳಬೇಡಿ.

ಮೊದಲ ಕೆಲವು ವಾರ ಏನೂ ಬದಲಾಗದು. ನಮ್ಮಲ್ಲಿ 40 ಇದ್ದದ್ದು 10ಕ್ಕೆ ಬರಲು ಮೂರು ತಿಂಗಳು ಹಿಡಿಯಿತು, ಆಹಾರವನ್ನೂ ಅರ್ಧ ಮಾಡಿದ್ದೆ. ಪೂರ್ತಿ ಸೊನ್ನೆ ಮಾಡಲು ಹೋಗಬೇಡಿ. ಆಗ ಡೈನೋಫ್ಲಾಜೆಲೇಟ್ ಅನ್ನುವ ಕಂದು ಲೋಳೆ ಹಬ್ಬುವ ಭಯ ಇರುತ್ತದೆ.

ಎರಡು ತಿಂಗಳಾದ ಮೇಲೆ ಒಂದು ರಾತ್ರಿ ರೆಫ್ಯೂಜಿಯಂ ಲೈಟ್ ಆರಿಸಿ ಗಾಜಿಗೆ ಟಾರ್ಚ್ ಹಿಡಿಯಿರಿ. ಜೋಳದ ಹಿಟ್ಟು ಉದುರಿಸಿದಂಥ ಬಿಳಿ ಚುಕ್ಕೆಗಳು ಕಾಣುತ್ತವೆ. ನೋಡುತ್ತಾ ನಿಂತರೆ ಒಂದೊಂದೂ ಪಟ್ ಅಂತ ಜಿಗಿಯುತ್ತದೆ. ಅವು ಕೋಪೆಪಾಡ್‌ಗಳು. ಮೀನಿನ ಬಾಯಿಂದ ತಪ್ಪಿಸಿಕೊಂಡು ಮರಿ ಮಾಡಲು ಅವುಗಳಿಗೆ ಸಿಗುವ ಆಸರೆ ಅದು. ರೆಫ್ಯೂಜಿಯಂ ಅನ್ನುವ ಹೆಸರು ಬಂದದ್ದೂ ಅದಕ್ಕೇ. ನನಗೆ ನೈಟ್ರೇಟ್‌ಗಿಂತ ಅವನ್ನು ನೋಡುವುದೇ ಇಷ್ಟ.

ಚೇಟೋ ಕೊಳ್ಳಲು ಹೋಗಬೇಡಿ. ಎರಡು ವಾರಕ್ಕೊಮ್ಮೆ ನಾನು ಮೂರನೇ ಒಂದು ಭಾಗ ಕತ್ತರಿಸುತ್ತೇನೆ, ಉಪ್ಪಿರುವುದರಿಂದ ಗಿಡದ ಬುಡಕ್ಕೂ ಹಾಕಲಾಗದೆ ಸುಮ್ನೆ ಹಾಳಾಗಿ ಹೋಗುತ್ತದೆ. ಸಂಪ್ ಸಿದ್ಧವಾದ ಮೇಲೆ ಒಂದು ಮಾತು ಬರೆಯಿರಿ. ಹುಬ್ಬಳ್ಳಿಗೆ ಬರುವಾಗ ಡಬ್ಬಿ ತನ್ನಿ, ಒಂದು ಹಿಡಿ ಕೊಡುತ್ತೇನೆ. ಅದೇ ನೀರಿನಲ್ಲಿ ನೆನೆಸಿದ ಪೇಪರ್‌ನಲ್ಲಿ ಸುತ್ತಿದರೆ ಗದಗ ಮುಟ್ಟುವವರೆಗೆ ಅದಕ್ಕೇನೂ ಆಗುವುದಿಲ್ಲ.