ಬದುವಿನ ಮೇಲೆ ಗ್ರಾವಿಮೀಟರ್ ಇಟ್ಟರೆ ಕಾಣುವುದು ಗದ್ದೆಯ ನೀರು!

ಪ್ರಶ್ನೆ: ಗುರುತ್ವ ಅಳೆದು ಸ್ತರಭಂಗದಲ್ಲಿ (ಬಂಡೆ ಬಿರಿದು ಜಾರಿದ ಕಡೆ) ನೀರು ಹರಿಯುವುದನ್ನು ಹಿಡಿಯಬಹುದಂತೆ. ನಮ್ಮ ಕಡೆ ಆಗುತ್ತಾ? ಭೂಕಂಪ ಮೊದಲೇ ಗೊತ್ತಾಗುತ್ತಾ? (ಗಂಗಾವತಿ)

ಇದನ್ನು ಎಷ್ಟನೇ ಸಲ ಕೇಳುತ್ತಿದ್ದೀರೋ! ಆಗುತ್ತದೆ, ಆದರೆ ಲೆಕ್ಕ ನೋಡಿ. ಭೂಮಿಯ ಸೆಳೆತ ಸುಮಾರು 98 ಕೋಟಿ ಮೈಕ್ರೋಗ್ಯಾಲ್ (ಗುರುತ್ವ ಅಳೆಯುವ ಮಾನ). ಹೊಲಕ್ಕೆ ಒಯ್ಯುವ ಒಳ್ಳೆಯ ಗ್ರಾವಿಮೀಟರ್, ಅಂದರೆ ಗುರುತ್ವ ಅಳೆಯುವ ಸಾಧನ, ಅದರಲ್ಲಿ 5 ಮೈಕ್ರೋಗ್ಯಾಲ್‌ನಷ್ಟು ವ್ಯತ್ಯಾಸವನ್ನೂ ಹಿಡಿಯುತ್ತದೆ. ನೆಲದಡಿ ಒಂದು ಮೀಟರ್ ದಪ್ಪದ ನೀರಿನ ಹಾಸು ಸೇರಿದರೆ 42 ಜಾಸ್ತಿಯಾಗುತ್ತದೆ. ಆದರೆ ನಮ್ಮದು ಗಟ್ಟಿ ಕಲ್ಲು. ಬಂಡೆಯಲ್ಲಿ ನೂರಕ್ಕೆ ಒಂದು ಪಾಲು ಸಂದು ಇದ್ದರೆ, ನೀರು 10 ಮೀಟರ್ ಏರಿದರೂ ಸಿಗುವುದು 4 ಮಾತ್ರ. ಅದೂ ಅಗಲಕ್ಕೆ ಹರಡಿದ್ದರೆ. ಕಿರಿದಾದ ಬಿರುಕಿನಲ್ಲಿ ಇನ್ನೂ ಕಡಿಮೆ.

ಈಗ ಕಾಲುವೆ ಬಿಟ್ಟಾಗ ಬದುವಿನ ಮೇಲೆ ಸಾಧನ ಇಟ್ಟಿರಿ ಅನ್ನಿ. ಭತ್ತದ ಗದ್ದೆಯಲ್ಲಿ ನಿಂತ 10 ಸೆಂ.ಮೀ. ನೀರೇ 4 ಮೈಕ್ರೋಗ್ಯಾಲ್‌ವರೆಗೆ ತೋರಿಸೀತು. ಎರೆ ನೆಲ ನೀರು ಕುಡಿದು ಉಬ್ಬುತ್ತದೆ. ಸಾಧನ 1 ಸೆಂ.ಮೀ. ಮೇಲೆದ್ದರೆ 3 ಕಡಿಮೆಯಾಗುತ್ತದೆ. ಎರಡೂ ಸೇರಿ ಏನೂ ಆಗಿಲ್ಲ ಅನಿಸಿದರೂ ಅನಿಸಬಹುದು! ನಾನೇ ಎರೆಯಲ್ಲಿ ಸಾಧನಕ್ಕೆ ಕಟ್ಟೆ ಕಟ್ಟಿಸಿ ಒಂದಿಡೀ ಮಳೆಗಾಲ ಕಳೆದುಕೊಂಡಿದ್ದೇನೆ. ಆಮೇಲಿಂದ ಬರೀ ಬಂಡೆಯ ಮೇಲೆ ಇಡುವುದು. ಜೊತೆಗೆ ಜಿಪಿಎಸ್‌ನಲ್ಲಿ ಎತ್ತರ, ಸುತ್ತಲ ಬೋರ್‌ಗಳ ನೀರಿನ ಮಟ್ಟ. ಎರಡು ವರ್ಷ ಅಳೆಯದೆ "ಬಿರುಕಿನ ನೀರು" ಅನ್ನುವ ಮಾತು ನನ್ನ ಬಾಯಿಂದ ಬರುವುದಿಲ್ಲ.

ಜಪಾನಿನ ಮತ್ಸುಶಿರೊದಲ್ಲಿ 1965ರಿಂದ ಸಣ್ಣ ಭೂಕಂಪಗಳ ಸಾಲೇ ಶುರುವಾಯಿತು. ನೆಲ ಉಬ್ಬಿತು, ಬಿರುಕುಗಳಿಂದ ನೀರು ಉಕ್ಕಿತು. ಅಂಥ ಕಡೆ ಗುರುತ್ವ ಉಪಯೋಗಕ್ಕೆ ಬರುತ್ತದೆ. ಆದರೂ ಭೂಕಂಪದ ಭವಿಷ್ಯ ಕೇಳಬೇಡಿ. ಗ್ರಾವಿಮೀಟರ್ ನೋಡುವುದು ತೂಕ. ಬಿರುಕನ್ನು ಜಾರಿಸುವುದು ನೀರಿನ ಒತ್ತಡ. ಹೆಚ್ಚು ನೀರು ಕದಲದೆಯೂ ಒತ್ತಡ ದೂರಕ್ಕೆ ಹೋಗುತ್ತದೆ. 1967ರ ಕೊಯ್ನಾ ಭೂಕಂಪವನ್ನು ಅಣೆಕಟ್ಟಿನ ನೀರಿಗೆ ಜೋಡಿಸುವುದೂ ಈ ಒತ್ತಡದಿಂದಲೇ.

ಪ್ರಶ್ನೆ: ಉಪಗ್ರಹದಿಂದ ನನ್ನ ಹೊಲದ ನೀರು ಕಾಣಲ್ವಾ? (ಸಿಂಧನೂರು)

2002ರಲ್ಲಿ ಹಾರಿಸಿದ, 2017ರವರೆಗೆ ಗುರುತ್ವ ಅಳೆದ ಗ್ರೇಸ್ ಉಪಗ್ರಹಗಳ ಕಣ್ಣಿಗೆ ನೂರಾರು ಕಿ.ಮೀ. ಒಂದು ಚುಕ್ಕೆಯಾಗಿತ್ತು. ನಿಮ್ಮದು ನಾಲ್ಕೆಕರೆ.

ಪ್ರಶ್ನೆ: ಅಂಗೈಯಲ್ಲಿ ತೆಂಗಿನಕಾಯಿ ಎದ್ದು ನಿಂತರೆ? (ಕುಷ್ಟಗಿ)

ಚಟ್ನಿ ಮಾಡಿ.

ಪ್ರಶ್ನೆ: ಮೊಬೈಲ್ ಆ್ಯಪ್‌ನಲ್ಲಿ ಗುರುತ್ವ ನೋಡಿ ಬೋರ್ ಪಾಯಿಂಟ್ ಕೊಟ್ಟಿದ್ದಾರೆ. ಕೊರೆಸಲೇ? (ಸಿರುಗುಪ್ಪ)

ಫೋನ್ ಅಡ್ಡ ಹಿಡಿದಿರೋ ಉದ್ದ ಹಿಡಿದಿರೋ, ಆ ಸೆನ್ಸರ್‌ಗೆ ಗೊತ್ತಾಗುವುದು ಅಷ್ಟೇ. ದುಡ್ಡು ಕೊಟ್ಟಿದ್ದರೆ ಇವತ್ತೇ ವಾಪಸ್ ಕೇಳಿ.