ಸಿಗಡಿ, ಏಡಿ ಮತ್ತು ಅಲರ್ಜಿ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಸಿಗಡಿ ತಿಂದ ಅರ್ಧ ಗಂಟೆಯೊಳಗೆ ನನ್ನ ಮೈಮೇಲೆ ಗಂಧೆ ಏಳುತ್ತದೆ, ತುಟಿ ಊದಿಕೊಳ್ಳುತ್ತದೆ. ಚೆನ್ನಾಗಿ ಬೇಯಿಸಿ ತಿಂದರೆ ಏನೂ ಆಗುವುದಿಲ್ಲವೆಂದು ಮನೆಯವರು ಹೇಳಿದರು. ಹಾಗೆ ಮಾಡಿದಾಗಲೂ ಅದೇ ತೊಂದರೆಯಾಯಿತು. ಸಿಗಡಿಯಲ್ಲಿರುವ ಯಾವ ಅಂಶ ಹೀಗೆ ಮಾಡುತ್ತದೆ? ಬೇಯಿಸಿದರೂ ಅದು ಏಕೆ ನಾಶವಾಗುವುದಿಲ್ಲ?

ಉತ್ತರ: ಬಹುತೇಕ ರೋಗಿಗಳಲ್ಲಿ ಇದಕ್ಕೆ ಕಾರಣವಾಗುವುದು ಸಿಗಡಿಯ ಚಿಪ್ಪೂ ಅಲ್ಲ, ಅದರ ತಾಜಾತನದ ಕೊರತೆಯೂ ಅಲ್ಲ, ನೀವು ತಿನ್ನುವ ಮಾಂಸದಲ್ಲೇ, ಅಂದರೆ ಅದರ ಸ್ನಾಯುವಿನಲ್ಲೇ ಇರುವ ಟ್ರೊಪೊಮಯೊಸಿನ್ ಎಂಬ ಪ್ರೋಟೀನ್. ಸ್ನಾಯು ಸಂಕುಚಿಸುವುದು ಆಕ್ಟಿನ್ ಮತ್ತು ಮಯೊಸಿನ್ ಎಂಬ ಎರಡು ಬಗೆಯ ತಂತುಗಳು ಒಂದನ್ನೊಂದು ಹಿಡಿದು ಜರುಗುವುದರಿಂದ. ಸ್ನಾಯು ವಿಶ್ರಾಂತ ಸ್ಥಿತಿಯಲ್ಲಿರುವಾಗ ಟ್ರೊಪೊಮಯೊಸಿನ್ ಆಕ್ಟಿನ್ ತಂತುವಿನ ಉದ್ದಕ್ಕೂ ಮಲಗಿಕೊಂಡು, ಮಯೊಸಿನ್ ಬಂದು ಹಿಡಿಯಬೇಕಾದ ಜಾಗಗಳನ್ನು ಮುಚ್ಚಿರುತ್ತದೆ. ನರದ ಸಂದೇಶ ಬಂದು ಕ್ಯಾಲ್ಸಿಯಂ ಬಿಡುಗಡೆಯಾದಾಗ ಟ್ರೊಪೊನಿನ್ ಎಂಬ ಇನ್ನೊಂದು ಪ್ರೋಟೀನ್ ಇದನ್ನು ಪಕ್ಕಕ್ಕೆ ಸರಿಸುತ್ತದೆ. ಚಲಿಸುವ ಪ್ರಾಣಿಗಳಿಗೆ ಇದು ಅನಿವಾರ್ಯವಾದ್ದರಿಂದ ಸಿಗಡಿಯ ಮಾಂಸದಲ್ಲಿ ಇದರ ಪ್ರಮಾಣ ಕಡಿಮೆಯೇನಿಲ್ಲ.

ಬೇಯಿಸಿದರೂ ಅದು ಉಳಿಯುವುದಕ್ಕೆ ಅದರ ರಚನೆಯೇ ಕಾರಣ. ಹೆಚ್ಚಿನ ಪ್ರೋಟೀನ್‌ಗಳು ಹಲವು ಬಗೆಯಲ್ಲಿ ಮಡಚಿಕೊಂಡು ಉಂಡೆಯಾಗಿರುತ್ತವೆ. ಬಿಸಿ ತಗುಲಿದಾಗ ಆ ಮಡಿಕೆ ಬಿಚ್ಚಿಕೊಂಡು, ಒಂದಕ್ಕೊಂದು ಅಂಟಿಕೊಂಡು, ಮತ್ತೆ ಮೊದಲಿನ ಸ್ಥಿತಿಗೆ ಬರಲಾರದಂತಾಗುತ್ತವೆ. ಟ್ರೊಪೊಮಯೊಸಿನ್ ಹಾಗಲ್ಲ. ತಲಾ 284 ಅಮೈನೊ ಆಮ್ಲಗಳ ಎರಡು ಸುರುಳಿಗಳು ಹುರಿಹಗ್ಗದ ಎಳೆಗಳಂತೆ ಒಂದನ್ನೊಂದು ಸುತ್ತಿಕೊಂಡಿರುವ ಇದರ ಸರಳ ರಚನೆ ಕುದಿಯುವ ನೀರಿನಲ್ಲಿ ಬಿಚ್ಚಿಕೊಂಡರೂ ತಣಿದ ಮೇಲೆ ಬಹುಮಟ್ಟಿಗೆ ಮತ್ತೆ ಹೆಣೆದುಕೊಳ್ಳುತ್ತದೆ. ಅದೂ ಅಲ್ಲದೆ, ಅಲರ್ಜಿಯ ಪ್ರತಿಕಾಯಗಳು ಗುರುತಿಸುವುದು ಹೆಚ್ಚಾಗಿ ಈ ಸರಪಳಿಯ ಮೇಲೆ ಅಕ್ಕಪಕ್ಕದಲ್ಲಿಯೇ ಇರುವ ಚಿಕ್ಕ ಚಿಕ್ಕ ತುಣುಕುಗಳನ್ನು, ಆದ್ದರಿಂದ ಆಕಾರ ಕೆಟ್ಟರೂ ಗುರುತು ಕೆಡುವುದಿಲ್ಲ. ಇದು ನೀರಿನಲ್ಲಿ ಕರಗುವುದರಿಂದ ಸಿಗಡಿ ಬೇಯಿಸಿದ ನೀರಿನಲ್ಲಿಯೂ ಇರುತ್ತದೆ. ಸಿಗಡಿಯ ಹೋಳುಗಳನ್ನು ತೆಗೆದಿಟ್ಟು ಸಾರನ್ನು ಮಾತ್ರ ಬಡಿಸಿಕೊಳ್ಳುವುದು ಸುರಕ್ಷಿತವಲ್ಲ. ಕುದಿಯುವಾಗ ಏಳುವ ಹಬೆಯೊಡನೆಯೂ ಅದರ ಕಣಗಳು ಗಾಳಿಗೆ ಸೇರುವುದರಿಂದ ಕೆಲವರಿಗೆ ಅಡುಗೆಯ ಹತ್ತಿರ ನಿಂತರೇ ಉಬ್ಬಸ ಬರುವುದುಂಟು.

ಸಿಗಡಿಯಲ್ಲಿ ಶಾಖಕ್ಕೆ ಜಗ್ಗದ ಅಲರ್ಜಿಕಾರಕಗಳಿವೆ ಎಂಬುದನ್ನು 1989ರಲ್ಲಿ ವಿವರಿಸಿದ್ದ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಅವರ ತಂಡವು ಅಮೆರಿಕದ ಸಹೋದ್ಯೋಗಿಗಳೊಡನೆ ಸೇರಿ 1993ರಲ್ಲಿ ಆ ಮುಖ್ಯ ಅಲರ್ಜಿಕಾರಕ ಟ್ರೊಪೊಮಯೊಸಿನ್ ಎಂದು ಗುರುತಿಸಿತು. ಅಲ್ಲಿಯವರೆಗೆ ಸ್ನಾಯುವಿನ ಪಾಠದಲ್ಲಿ ಮಾತ್ರ ಬರುತ್ತಿದ್ದ ಈ ಹೆಸರು ಅಲರ್ಜಿ ಚಿಕಿತ್ಸಾಲಯಕ್ಕೆ ಬಂದದ್ದು ಹೀಗೆ.

ನಿಮ್ಮ ವಿಷಯಕ್ಕೆ ಬಂದರೆ, ತುಟಿ ಊದಿಕೊಳ್ಳುತ್ತಿದೆ ಎಂದಿರುವುದರಿಂದ ಮನೆಯಲ್ಲಿ ಇನ್ನೊಮ್ಮೆ ಪ್ರಯೋಗ ಮಾಡಿ ನೋಡಬೇಡಿ. ಹಿಂದಿನ ಸಲ ಗಂಧೆಯಷ್ಟೇ ಆಗಿತ್ತು ಎಂಬುದು ಮುಂದಿನ ಸಲವೂ ಅಷ್ಟಕ್ಕೇ ನಿಲ್ಲುತ್ತದೆ ಎಂಬುದಕ್ಕೆ ಖಾತರಿಯಲ್ಲ. ಧ್ವನಿ ಗೊಗ್ಗರಾಗುವುದು, ಉಸಿರು ಕಟ್ಟುವುದು, ತಲೆ ತಿರುಗಿ ಬೀಳುವಂತಾಗುವುದು ಇವು ಕಂಡರೆ ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುಮದ್ದು ಕೊಡುವುದೇ ಮೊದಲ ಚಿಕಿತ್ಸೆ. ಅಲರ್ಜಿಯ ಮಾತ್ರೆ ನುಂಗಿ ಕಾಯುವುದು ಅಪಾಯಕಾರಿ.

ಪ್ರಶ್ನೆ: ಟ್ರೊಪೊಮಯೊಸಿನ್ ಎಲ್ಲ ಪ್ರಾಣಿಗಳ ಸ್ನಾಯುವಿನಲ್ಲಿಯೂ ಇದೆ ಎಂದು ಓದಿದ್ದೇನೆ. ಹಾಗಾದರೆ ನನಗೆ ಕೋಳಿಯಿಂದ ಆಗದ ಅಲರ್ಜಿ ಏಡಿಯಿಂದ ಏಕೆ ಆಗುತ್ತದೆ? ಮೀನನ್ನೂ ಬಿಡಬೇಕೆ?

ಉತ್ತರ: ಈ ಪ್ರಶ್ನೆ ಬಹಳ ಚೆನ್ನಾಗಿದೆ, ಇದಕ್ಕೆ ಉತ್ತರ ತಿಳಿದರೆ ಏನನ್ನು ಬಿಡಬೇಕು, ಏನನ್ನು ಬಿಡಬೇಕಾಗಿಲ್ಲ ಎಂಬುದೂ ತಾನಾಗಿ ಹೊಳೆಯುತ್ತದೆ. ನಮ್ಮ ಮೈಯಲ್ಲಿಯೂ ಟ್ರೊಪೊಮಯೊಸಿನ್ ಇದೆ, ಮತ್ತು ನಮ್ಮ ರೋಗನಿರೋಧಕ ವ್ಯವಸ್ಥೆ ತನ್ನದೇ ಪ್ರೋಟೀನ್‌ಗಳ ಮೇಲೆ ಎರಗದಂತೆ ಮೊದಲಿನಿಂದಲೇ ಪಳಗಿರುತ್ತದೆ. ಕೋಳಿ, ಕುರಿ, ಹಂದಿ ಮುಂತಾದ ಬೆನ್ನೆಲುಬಿರುವ ಪ್ರಾಣಿಗಳ ಟ್ರೊಪೊಮಯೊಸಿನ್ ನಮ್ಮದನ್ನು ಬಹಳವಾಗಿ ಹೋಲುವುದರಿಂದ ಅದನ್ನೂ ನಮ್ಮ ದೇಹ ಪರಕೀಯವೆಂದು ಎಣಿಸುವುದಿಲ್ಲ. ಬೆನ್ನೆಲುಬಿಲ್ಲದ ಸಿಗಡಿ, ಏಡಿಗಳ ಪ್ರೋಟೀನ್ ಕೆಲಸ ಒಂದೇ ಮಾಡಿದರೂ ಅಮೈನೊ ಆಮ್ಲಗಳ ಅನುಕ್ರಮದಲ್ಲಿ ನಮ್ಮದಕ್ಕೂ ಅದಕ್ಕೂ ಸುಮಾರು ಶೇಕಡಾ 55ರಿಂದ 60ರಷ್ಟು ಮಾತ್ರ ಹೊಂದಾಣಿಕೆಯಿದೆ. ಪ್ರತಿಕಾಯಗಳು ಅಂಟಿಕೊಳ್ಳುವುದು ಈ ವ್ಯತ್ಯಾಸವಿರುವ ಜಾಗಗಳಿಗೇ.

ಸಿಗಡಿ ಮತ್ತು ಏಡಿಗಳ ನಡುವೆಯಾದರೋ ಹೊಂದಾಣಿಕೆ ಶೇಕಡಾ 90ನ್ನು ಮೀರುತ್ತದೆ. ಒಂದಕ್ಕೆ ಅಲರ್ಜಿ ಇದ್ದವರಿಗೆ ಇನ್ನೊಂದು ಒಗ್ಗದಿರುವುದೇ ಸಾಮಾನ್ಯವಾದ್ದರಿಂದ ಎರಡನ್ನೂ ಬಿಡಲು ಹೇಳುತ್ತೇವೆ. ಕಪ್ಪೆಚಿಪ್ಪು, ಸ್ಕ್ವಿಡ್, ಆಕ್ಟೋಪಸ್‌ಗಳು ಮೃದ್ವಂಗಿಗಳೆಂಬ ಬೇರೆ ವರ್ಗಕ್ಕೆ ಸೇರಿದವು. ಅವುಗಳ ಟ್ರೊಪೊಮಯೊಸಿನ್ ಸಿಗಡಿಯದಕ್ಕಿಂತ ಸಾಕಷ್ಟು ಭಿನ್ನವಾಗಿರುವ ಕಾರಣ ಸಿಗಡಿ ಒಗ್ಗದ ಕೆಲವರು ಅವನ್ನು ನಿರಾತಂಕವಾಗಿ ತಿನ್ನುತ್ತಾರೆ, ಕೆಲವರಿಗೆ ಆಗುವುದಿಲ್ಲ. ಇದನ್ನು ಪರೀಕ್ಷೆಯಿಂದಲೇ ತಿಳಿಯಬೇಕು, ಊಹೆಯಿಂದಲ್ಲ. ಮಿಡತೆಯಂಥ ಕೀಟಗಳ ಪುಡಿ ಬೆರೆಸಿದ ಆಹಾರಗಳು ಈಗ ಮಾರುಕಟ್ಟೆಗೆ ಬರುತ್ತಿವೆ. ಕೀಟಗಳೂ ಸಿಗಡಿಯಂತೆ ಸಂಧಿಪದಿಗಳಾದ್ದರಿಂದ ಸಿಗಡಿ ಅಲರ್ಜಿ ಇರುವವರು ಅವುಗಳಿಂದ ದೂರವಿರುವುದು ಒಳ್ಳೆಯದು.

ಮೀನಿಗೆ ಬೆನ್ನೆಲುಬಿದೆ. ಮೀನಿನ ಅಲರ್ಜಿಗೆ ಮುಖ್ಯ ಕಾರಣ ಪಾರ್ವಾಲ್ಬುಮಿನ್ ಎಂಬ, ಕ್ಯಾಲ್ಸಿಯಂ ಹಿಡಿದಿಡುವ ಬೇರೊಂದು ಸ್ನಾಯು ಪ್ರೋಟೀನ್. ಸಮುದ್ರದಿಂದ ಬಂದದ್ದೆಲ್ಲ ಒಂದೇ ಎಂದು ಭಾವಿಸಿ ಮೀನನ್ನೂ ಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ. ಅದರ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಒಂದೇ ಎಣ್ಣೆಯಲ್ಲಿ ಸಿಗಡಿಯನ್ನೂ ಮೀನನ್ನೂ ಕರಿದಿದ್ದರೆ ಆ ಮೀನನ್ನು ತಿನ್ನಬೇಡಿ.

ಪ್ರಶ್ನೆ: ನನಗೆ ದೂಳಿನ ಅಲರ್ಜಿ ಇದೆ. ಚರ್ಮದ ಪರೀಕ್ಷೆ ಮಾಡಿಸಿದಾಗ ಸಿಗಡಿಗೂ ಅಲರ್ಜಿ ಎಂದು ಬಂತು. ಆದರೆ ನಾನು ಸಿಗಡಿಯನ್ನು ತಿನ್ನುತ್ತಲೇ ಇದ್ದೇನೆ, ಯಾವತ್ತೂ ಏನೂ ಆಗಿಲ್ಲ.

ಉತ್ತರ: ಮನೆಯ ದೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿಗಳೂ ಜಿರಲೆಗಳೂ ಸಂಧಿಪದಿಗಳೇ. ದೂಳುನುಸಿಯ ಟ್ರೊಪೊಮಯೊಸಿನ್ ಸಿಗಡಿಯದನ್ನು ಶೇಕಡಾ 80ರಷ್ಟು ಹೋಲುತ್ತದೆ. ಉಸಿರಿನೊಡನೆ ಒಳಹೋದ ನುಸಿಯ ಪ್ರೋಟೀನ್‌ಗೆ ವಿರುದ್ಧವಾಗಿ ತಯಾರಾದ ಪ್ರತಿಕಾಯವೇ ಪರೀಕ್ಷೆಯಲ್ಲಿ ಸಿಗಡಿಯ ಪ್ರೋಟೀನ್ ಅನ್ನೂ ಹಿಡಿಯಬಲ್ಲದು. ಧರ್ಮದ ಕಟ್ಟಳೆಯಂತೆ ಸಿಗಡಿಯನ್ನು ಮುಟ್ಟದ ಯೆಹೂದ್ಯರಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದೂಳುನುಸಿಯ ಅಲರ್ಜಿ ಇದ್ದವರ ರಕ್ತದಲ್ಲಿ ಸಿಗಡಿಯ ಟ್ರೊಪೊಮಯೊಸಿನ್‌ಗೆ ಅಂಟುವ ಪ್ರತಿಕಾಯಗಳು ಕಂಡುಬಂದವು. ಪರೀಕ್ಷೆ ಹೇಳುವುದು ಪ್ರತಿಕಾಯ ಇದೆ ಎಂಬುದನ್ನಷ್ಟೇ. ಅಲರ್ಜಿ ಎಂಬ ರೋಗ ಇದೆಯೆಂದು ಹೇಳಲು ತಿಂದಾಗ ತೊಂದರೆಯಾಗಬೇಕು. ನಿಮಗೆ ಆಗುತ್ತಿಲ್ಲ, ಆದ್ದರಿಂದ ವರದಿಯೊಂದನ್ನೇ ನೋಡಿ ಸಿಗಡಿಯನ್ನು ಬಿಡಬೇಕಾಗಿಲ್ಲ. ಬಾಯಿ ತುರಿಸುವುದೋ ಗಂಟಲು ಬಿಗಿಯುವುದೋ ಮುಂದೆಂದಾದರೂ ಕಂಡರೆ ಆಗ ವೈದ್ಯರನ್ನು ಕಾಣಿ. ಸಿಗಡಿಯ ಅಲರ್ಜಿ ದೊಡ್ಡವರಾದ ಮೇಲೆ ಹೊಸದಾಗಿ ಶುರುವಾಗುವುದು ಅಪರೂಪವಲ್ಲ.

ಪ್ರಶ್ನೆ: ಸಿಗಡಿ ಅಲರ್ಜಿ ಇರುವವರು ಸ್ಕ್ಯಾನಿಂಗ್ ವೇಳೆ ಅಯೊಡಿನ್ ಇರುವ ಔಷಧ ಚುಚ್ಚಿಸಿಕೊಳ್ಳಬಾರದೆ?

ಉತ್ತರ: ಚುಚ್ಚಿಸಿಕೊಳ್ಳಬಹುದು. ಅಲರ್ಜಿ ಇರುವುದು ಪ್ರೋಟೀನ್‌ಗೆ, ಅಯೊಡಿನ್‌ಗಲ್ಲ. ಸಮುದ್ರಾಹಾರದಲ್ಲಿ ಅಯೊಡಿನ್ ಹೆಚ್ಚಿರುವುದರಿಂದ ಹುಟ್ಟಿಕೊಂಡ ತಪ್ಪು ನಂಬಿಕೆ ಇದು. ಆಸ್ಪತ್ರೆಯ ನಮೂನೆಗಳಲ್ಲಿ ಈಗಲೂ ಈ ಪ್ರಶ್ನೆ ಉಳಿದಿರುವುದನ್ನು ಕಂಡು ನನಗೇ ಬೇಸರವಾಗುತ್ತದೆ.

ಪ್ರಶ್ನೆ: ಎಂಟು ವರ್ಷದ ಮಗನಿಗೆ ಸಿಗಡಿ ತಿಂದಾಗ ವಾಂತಿ, ಗಂಧೆ ಆಗುತ್ತದೆ. ಆದರೆ ರಕ್ತಪರೀಕ್ಷೆಯಲ್ಲಿ ಟ್ರೊಪೊಮಯೊಸಿನ್‌ಗೆ ಅಲರ್ಜಿ ಇಲ್ಲವೆಂದು ಬಂದಿದೆ. ಇನ್ನು ಕೊಡಬಹುದೆ?

ಉತ್ತರ: ಈಗಲೇ ಕೊಡಬೇಡಿ. ಟ್ರೊಪೊಮಯೊಸಿನ್ ಮುಖ್ಯ ಅಲರ್ಜಿಕಾರಕವೇ ಹೊರತು ಒಂದೇ ಅಲ್ಲ. ಸ್ನಾಯುವಿಗೆ ಶಕ್ತಿ ಒದಗಿಸುವ ಆರ್ಜಿನೈನ್ ಕೈನೇಸ್ ಎಂಬ ಕಿಣ್ವ, ಮಯೊಸಿನ್‌ನ ಹಗುರ ಸರಪಳಿ, ಟ್ರೊಪೊನಿನ್-ಸಿ, ಸ್ನಾಯುಕೋಶದ ದ್ರವದಲ್ಲಿರುವ ಕ್ಯಾಲ್ಸಿಯಂ ಹಿಡಿಯುವ ಇನ್ನೊಂದು ಪ್ರೋಟೀನ್ ಇವೆಲ್ಲವೂ ಅಲರ್ಜಿಯನ್ನು ಉಂಟುಮಾಡಬಲ್ಲವು, ಮತ್ತು ಕೊನೆಯದಕ್ಕೆ ಅಲರ್ಜಿ ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚಾಗಿ ಕಂಡುಬಂದಿದೆ. ನಿಮ್ಮ ಮಗನಿಗೆ ಒಂದೇ ಪ್ರೋಟೀನಿನ ಪರೀಕ್ಷೆ ಆಗಿದೆ. ಇಡೀ ಸಿಗಡಿಯ ಸಾರವನ್ನು ಬಳಸಿ ಚರ್ಮದ ಪರೀಕ್ಷೆ ಮಾಡಿಸಿ. ಅದರಲ್ಲಿಯೂ ಏನೂ ಕಾಣದಿದ್ದರೆ, ಬಹಳ ಚಿಕ್ಕ ಪ್ರಮಾಣದಿಂದ ಆರಂಭಿಸಿ ಹಂತಹಂತವಾಗಿ ಹೆಚ್ಚಿಸುತ್ತ ತಿನ್ನಿಸಿ ನೋಡುವ ಪರೀಕ್ಷೆಯನ್ನು ತುರ್ತು ಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಯಲ್ಲಿ ಅಲರ್ಜಿ ತಜ್ಞರ ಎದುರಿನಲ್ಲೇ ಮಾಡಿಸಬೇಕು.