ಸಂಘದ ಲೈಬ್ರರಿಯಿಂದ ಸಿನಿಮಾ ಡಿವಿಡಿ ಮನೆಗೆ ಕೊಡಬಹುದಾ?

ಡೊಂಬಿವಲಿಯ ನಿಮ್ಮ ಕನ್ನಡ ಸಂಘದ ಕಮಿಟಿ ಸಿನಿಮಾ ಡಿವಿಡಿ ಮನೆಗೆ ಕೊಡುವುದು ಬೇಡ ಎಂದಿರುವುದು ಬಹುಶಃ ಕಾಪಿರೈಟ್ ಭಯಕ್ಕೆ. ಅವರು 'ಮನರಂಜನೆ ಲೈಬ್ರರಿಗೆ ಯಾಕೆ' ಅನ್ನುವುದು ಸುಮ್ನೆ ನೆಪ ಇರಬೇಕು. ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿ ಪ್ರಕಾರ, ಲಾಭಕ್ಕಲ್ಲದ ಲೈಬ್ರರಿ ಅಸಲಿ ಡಿಸ್ಕನ್ನು ಲಾಭವಿಲ್ಲದೆ ಎರವಲು ಕೊಟ್ಟರೆ ಅದು ವಾಣಿಜ್ಯ ಬಾಡಿಗೆ ಅಲ್ಲ, ಹಾಗಾಗಿ ಕೊಡಬಹುದು. ಆದರೆ ಲೈಬ್ರರಿಗೆ ಸರ್ಕಾರದ ಅನುದಾನವೋ ಆದಾಯ ತೆರಿಗೆ ವಿನಾಯಿತಿಯೋ ಇರಬೇಕು. ನಿಮ್ಮ ಸಂಘಕ್ಕೆ ಯಾವುದಿದೆ ಅಂತ ನಾನು ಹೇಳಲಾರೆ. ಮೊದಲು ಖಜಾಂಚಿ ಹತ್ತಿರ ಆ ಕಾಗದ ನೋಡಿ.

ಆಮೇಲೆ ಡಿವಿಡಿ ಡಬ್ಬ ಸುರಿದು ವಿಂಗಡಿಸಿ. ಸ್ಕೆಚ್ ಪೆನ್ನಿನಲ್ಲಿ ಹೆಸರು ಗೀಚಿದ ಡಿಸ್ಕ್‌ಗಳು ನಕಲು, ಯಾರು ಎಷ್ಟೇ ಪ್ರೀತಿಯಿಂದ ಕೊಟ್ಟಿದ್ದರೂ ಹೊರಗಿಡಿ. ಪುಣೆಯ ನಮ್ಮ ಲೈಬ್ರರಿಯಲ್ಲಿ ಹೀಗೆ ತೆಗೆದಾಗ ಅರ್ಧ ಡಬ್ಬ ಖಾಲಿಯಾಯ್ತು! ಉಳಿದವಕ್ಕೆ ಪುಸ್ತಕದ ಹಾಗೇ ನಂಬರ್ ಹಾಕಿ, ರಿಜಿಸ್ಟರ್‌ನಲ್ಲಿ ಬರೆದು ಕೊಡಿ. ದಿನಕ್ಕಿಷ್ಟು ಅಂತ ಬಾಡಿಗೆ ಮಾತ್ರ ಬೇಡ.

ವಾಪಸ್ ಬಂದಾಗ ಬೆಳಕಿಗೆ ಹಿಡಿದು ನೋಡಿ. ಜನ ಸೆರಗಿನಲ್ಲಿ ಗುಂಡಗೆ ಉಜ್ಜಿರುತ್ತಾರೆ. ಒರೆಸುವುದಿದ್ದರೆ ಮೆತ್ತನೆ ಬಟ್ಟೆ, ನಡುವಿನಿಂದ ಅಂಚಿಗೆ ನೇರವಾಗಿ.

ಹಾಲ್‌ನಲ್ಲಿ ಎಲ್ಲರಿಗೂ ಹಾಕಿ ತೋರಿಸುವುದು ಬೇರೆ ಮಾತು. ಅದಕ್ಕೆ ಹಕ್ಕುದಾರರಿಂದ ಬರಹದಲ್ಲಿ ಅನುಮತಿ ತಗೊಳ್ಳಿ.